ಬೆಳಗಿನ ಆರೂವರೆಯ ಕೈ, ಹತ್ತೂವರೆಯ ಕೈ: ರಾಜ್ಯ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ರಾಜ್ಯ ಆಯುಕ್ತರು,
ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ,
ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ಸರ್ಕಾರಿ ಸೇವೆಗಳ ಮತ್ತು ಬ್ಯಾಂಕುಗಳ ಆ್ಯಪ್‌ಗಳು ಬಳಸುವವರ ಬದಲಾಗುವ ಸಾಮರ್ಥ್ಯಕ್ಕೆ ತಾವಾಗಿ ಹೊಂದಿಕೊಳ್ಳುವಂತೆ ಮಾಡಿಸಬೇಕೆಂದು ಕೋರಿ.

ಮಾನ್ಯರೇ,

ನಾನು ಬಾಗಲಕೋಟೆಯ ನವನಗರದ ನಿವಾಸಿ. 34 ವರ್ಷ ಬೆರಳಚ್ಚು ಕಲಿಸಿ ಬದುಕಿದವನು. ಹಳೆಯ ಊರಿನ ಪೇಟೆಯಲ್ಲಿ ಎಂಟು ಯಂತ್ರಗಳ ನನ್ನದೊಂದು ಟೈಪಿಂಗ್ ಕ್ಲಾಸ್ ಇತ್ತು. ಆಲಮಟ್ಟಿಯ ಹಿನ್ನೀರು ಘಟಪ್ರಭೆಯಲ್ಲಿ ಏರಿ ಬಂದು ನಮ್ಮ ಓಣಿ ಮುಳುಗಡೆಯ ಪಟ್ಟಿಗೆ ಸೇರಿದಾಗ, ಯಂತ್ರಗಳನ್ನು ಟ್ರ್ಯಾಕ್ಟರಿಗೆ ಹೇರಿಕೊಂಡು ಇಲ್ಲಿಗೆ ಬಂದೆ. ಆಮೇಲೆ ಕಂಪ್ಯೂಟರ್ ಬಂತು, ಅದನ್ನೂ ಕಲಿತು ಕಲಿಸಿದೆ. ತಾಲ್ಲೂಕು ಕಚೇರಿಗಳಲ್ಲಿ, ನ್ಯಾಯಾಲಯಗಳಲ್ಲಿ ಇಂದಿಗೂ ನನ್ನ ವಿದ್ಯಾರ್ಥಿಗಳು ಕೀಲಿಮಣೆಯ ಮುಂದೆ ಕುಳಿತಿದ್ದಾರೆ. ಏಳು ವರ್ಷಗಳಿಂದ ನನಗೆ ಕೈ ನಡುಗಿಸುವ, ಮೈ ಬಿಗಿಸುವ ಪಾರ್ಕಿನ್ಸನ್ ಕಾಯಿಲೆ ಇದೆ. ಈ ಪತ್ರವನ್ನು ಒಂಬತ್ತು ದಿನ, ದಿನಕ್ಕೆ ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೊಂದೂವರೆಯವರೆಗೆ ಮಾತ್ರ ಕುಳಿತು ಟೈಪ್ ಮಾಡಿದ್ದೇನೆ. ಆ ಎರಡು ಗಂಟೆಯೇ ಏಕೆ ಎಂಬುದು ತಮಗೆ ತಿಳಿದರೆ ನನ್ನ ದೂರು ಅರ್ಧ ಹೇಳಿದಂತೆಯೇ.

ಮೊದಲ ಗುಳಿಗೆಯನ್ನು ಬೆಳಿಗ್ಗೆ ಎಂಟಕ್ಕೆ ನುಂಗುತ್ತೇನೆ. ಅದು ಮೈಗೆ ಹತ್ತಲು ಮುಕ್ಕಾಲು ಗಂಟೆಯಾದರೂ ಬೇಕು. ಹಿಂದಿನ ರಾತ್ರಿ ಹೆಸರುಕಾಳಿನ ಪಲ್ಲೆ ಹೆಚ್ಚು ಉಂಡರೂ ತೊಂದರೆಯಿಲ್ಲ, ಆದರೆ ಗುಳಿಗೆಯ ಜೊತೆಗೇ ಉಂಡರೆ ಇನ್ನೂ ತಡ. ಕಾಳುಬೇಳೆಯ ಪ್ರೋಟೀನು ನನ್ನ ಗುಳಿಗೆಯಲ್ಲಿರುವ ಲೆವೊಡೋಪಾ ಔಷಧಿ ಒಳಸೇರುವುದಕ್ಕೆ ಅಡ್ಡ ಬರುತ್ತದೆ. ಹತ್ತಿದ ಮೇಲೆ ಎರಡು ಮೂರು ಗಂಟೆ ಕೈ ನನ್ನ ಮಾತು ಕೇಳುತ್ತದೆ. ಮಧ್ಯಾಹ್ನದ ಹೊತ್ತಿಗೆ ಮತ್ತೆ ಇಳಿಯುತ್ತದೆ. ಹೀಗೆ ಒಂದೇ ದಿನದಲ್ಲಿ ಮೂರು ಸಲ ಏರುತ್ತೇನೆ, ಮೂರು ಸಲ ಇಳಿಯುತ್ತೇನೆ.

ಕಳೆದ ಜೂನ್ ತಿಂಗಳಿನ ಒಂದು ಬೆಳಿಗ್ಗೆ ಧಾರವಾಡದಲ್ಲಿ ಓದುತ್ತಿರುವ ಮೊಮ್ಮಗಳು ಫೋನ್ ಮಾಡಿದಳು. ಹಾಸ್ಟೆಲ್ ಶುಲ್ಕ ಕಟ್ಟಲು ಅಂದೇ ಕೊನೆಯ ದಿನ, ಒಂಬತ್ತಕ್ಕೆ ಮೊದಲು ಹಣ ಬೇಕು. ಆಗ ಸಮಯ ಆರೂವರೆ. ನಾನು ಖಾತೆ ಇಟ್ಟಿರುವ ಬ್ಯಾಂಕಿನ ಆ್ಯಪ್ ತೆರೆದೆ. ಗುಪ್ತ ಸಂಖ್ಯೆ ಒತ್ತಲು ಪರದೆಯ ಮೇಲೆ ಅಂಕಿಗಳ ಒಂದು ಚೌಕ ಮೂಡುತ್ತದೆ. ಪ್ರತಿಸಲವೂ ಅಂಕಿಗಳು ಸ್ಥಳ ಬದಲಿಸುತ್ತವೆ. ಪಕ್ಕದಲ್ಲಿ ನಿಂತವರು ಬೆರಳಿನ ಚಲನೆ ನೋಡಿ ಸಂಖ್ಯೆ ಕದಿಯಬಾರದೆಂದು ಹೀಗೆ ಮಾಡಿದ್ದಾರೆ. ಉದ್ದೇಶ ಒಳ್ಳೆಯದು. ಆದರೆ ನನ್ನಂಥವನ ಬೆರಳು ಹುಡುಕುತ್ತಾ ಗಾಳಿಯಲ್ಲಿ ನಿಲ್ಲಬೇಕಾಗುತ್ತದೆ. ಪಾರ್ಕಿನ್ಸನ್‌ನಲ್ಲಿ ಚಾಚಿದ ಕೈ ಮೊದಲ ಕೆಲವು ಕ್ಷಣ ಸುಮ್ಮನಿರುತ್ತದೆ, ನಂತರ ನಡುಕ ಮರಳಿ ಬರುತ್ತದೆ. ಕೂಡಲೇ ಒತ್ತಿಬಿಟ್ಟರೆ ಸರಿ, ಹುಡುಕಲು ನಿಂತರೆ ಕೆಟ್ಟಿತು. ಏಳನ್ನು ಹುಡುಕುವಷ್ಟರಲ್ಲಿ ಬೆರಳು ನಡುಗಿ ಮೂರರ ಮೇಲೆ ಎರಡು ಸಲ ಬಿತ್ತು. ಅಳಿಸಿದೆ. ಮೇಲ್ಗಡೆ 60ರಿಂದ ಕೆಳಗಿಳಿಯುತ್ತಿದ್ದ ಅಂಕಿ ಸೊನ್ನೆಗೆ ಬಂತು, ಪುಟ ಮುಚ್ಚಿತು. ಮತ್ತೆ ತೆರೆದೆ. ಮೂರನೆಯ ತಪ್ಪಿಗೆ ಖಾತೆಗೆ 24 ಗಂಟೆ ಬೀಗ ಬಿತ್ತು.

ಎಂಟಕ್ಕೆ ಗುಳಿಗೆ ನುಂಗಿ, ಬ್ಯಾಂಕ್ ಬಾಗಿಲು ತೆರೆಯುವ ಹೊತ್ತಿಗೆ ಆಟೋ ಹಿಡಿದು ಹೋದೆ. ಹತ್ತೂವರೆಗೆ ಅಲ್ಲಿನ ತರುಣ ಬೀಗ ತೆಗೆಸಿ, “ಈಗ ಮಾಡಿ ನೋಡಿ ಸರ್” ಎಂದ. ಅವನ ಎದುರೇ ಕುಳಿತು, ಒಂದೂ ತಪ್ಪಿಲ್ಲದೆ, ಒಂದೇ ಸಲಕ್ಕೆ ಹಣ ಕಳಿಸಿದೆ. ಅದೇ ಫೋನು, ಅದೇ ಆ್ಯಪ್, ಅದೇ ಕೈ. ತರುಣ ನನ್ನನ್ನು ಅನುಮಾನದಿಂದ ನೋಡಿದ, ಅವನ ತಪ್ಪಲ್ಲ. ಹೊರಡುವಾಗ ಕಾಳಜಿಯಿಂದಲೇ ಹೇಳಿದ: “ಸರ್, ಇನ್ನು ಮೇಲೆ ಮನೆಯಲ್ಲಿ ಯಾರ ಕೈಯಿಂದಲಾದರೂ ಮಾಡಿಸಿಬಿಡಿ.” ಅವನ ತಲೆಯ ಮೇಲೆ, ಗೋಡೆಯ ಮೇಲೆ, ಗುಪ್ತ ಸಂಖ್ಯೆಯನ್ನು ಯಾರಿಗೂ, ಮನೆಯವರಿಗೂ ಹೇಳಬೇಡಿ ಎಂಬ ಫಲಕ ತೂಗುತ್ತಿತ್ತು. ಅವೆರಡನ್ನೂ ಒಟ್ಟಿಗೆ ಪಾಲಿಸುವುದು ಹೇಗೆಂದು ನನಗೆ ಈವರೆಗೆ ತಿಳಿದಿಲ್ಲ. ಮೊಮ್ಮಗಳ ಶುಲ್ಕಕ್ಕೆ ದಂಡ ಬಿತ್ತು. ಅದು ದೊಡ್ಡ ಮೊತ್ತವಲ್ಲ. ಆದರೆ “ತಾತಾ, ನಿನಗೆ ತ್ರಾಸು ಕೊಟ್ಟೆ” ಎಂದು ಆ ಮಗು ಅತ್ತದ್ದು ನನಗೆ ಸಹಿಸಲಾಗಲಿಲ್ಲ.

ಇನ್ನೊಂದು ಸಂಗತಿ. ತೀರಿಕೊಂಡ ನನ್ನ ಹೆಂಡತಿ ಸರ್ಕಾರಿ ಶಾಲೆಯ ಶಿಕ್ಷಕಿಯಾಗಿದ್ದಳು. ಆಕೆಯ ಕುಟುಂಬ ಪಿಂಚಣಿ ನನಗೆ ಬರುತ್ತದೆ. ನಾನು ಬದುಕಿದ್ದೇನೆಂದು ವರ್ಷಕ್ಕೊಮ್ಮೆ ತೋರಿಸಬೇಕು. ಕಳೆದ ವರ್ಷ ಪರಿಚಯದ ಹುಡುಗನೊಬ್ಬ ಮನೆಗೆ ಬಂದು ಫೋನನ್ನು ನನ್ನ ಮುಖಕ್ಕೆ ಹಿಡಿದ. “ಕಣ್ಣು ಮಿಟುಕಿಸಿ” ಎಂಬ ಸೂಚನೆ ಬಂತು. ಈ ಕಾಯಿಲೆಯಲ್ಲಿ ಮುಖದ ಸ್ನಾಯುಗಳು ಬಿಗಿಯುತ್ತವೆ, ಕಣ್ಣು ಮಿಟುಕಿಸುವುದು ಕಡಿಮೆಯಾಗುತ್ತದೆ. ನಾನು ಮಿಟುಕಿಸಿದೆ ಎಂದುಕೊಂಡೆ. ಯಂತ್ರ ಇಲ್ಲ ಎಂದಿತು. ಐದು ಸಲ ಹೀಗಾಯಿತು. “ಕಾಕಾ, ಇನ್ನೊಂಚೂರು ಜೋರಾಗಿ ಮಿಟುಕಿಸಿ” ಎಂದು ಆ ಹುಡುಗ ಬೇಡಿಕೊಳ್ಳುತ್ತಿದ್ದ. ಉಸಿರಾಡುತ್ತಾ ಕುಳಿತಿರುವ ಮನುಷ್ಯ ಬದುಕಿದ್ದಾನೆಂದು ಒಪ್ಪಿಕೊಳ್ಳಲು ಅದಕ್ಕೆ ಬೇರೆ ದಾರಿಯೇ ಇರಲಿಲ್ಲ.

ಮಾನ್ಯರೇ, ನನಗೆ ಗುರುತಿನ ಚೀಟಿ ಇದೆ, ಅದರಲ್ಲಿ ನನ್ನ ವೈಕಲ್ಯ ಶೇಕಡಾ ಇಷ್ಟು ಎಂದು ಬರೆದಿದೆ. ಸೌಲಭ್ಯಗಳ ಲೆಕ್ಕಕ್ಕೆ ಅಂಥದ್ದೊಂದು ಸಂಖ್ಯೆ ಬೇಕಾದೀತು. 1995ರ ವಿಕಲಚೇತನರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು. 2016ರ ಕಾಯ್ದೆ ಅವನ್ನು 21ಕ್ಕೆ ಏರಿಸಿ, ಪಾರ್ಕಿನ್ಸನ್ ಕಾಯಿಲೆಯನ್ನು ಹೆಸರು ಹೇಳಿಯೇ ಸೇರಿಸಿತು. ಅದಕ್ಕೆ ನಾನು ಕೃತಜ್ಞ. ಆದರೆ ಆ ಶೇಕಡಾ ಯಾವ ಹೊತ್ತಿನದು? ಆರೂವರೆಯದೋ, ಹತ್ತೂವರೆಯದೋ? ಆ್ಯಪ್ ಮಾಡುವವರ ಮನಸ್ಸಿನಲ್ಲಿ ಎರಡೇ ಬಗೆಯ ಜನರಿದ್ದಾರೆ: ಸರಿಯಾಗಿರುವವರು, ಸರಿಯಿಲ್ಲದವರು. ಸರಿಯಿಲ್ಲದವರಿಗೆಂದು ಎಲ್ಲೋ ಒಳಗೆ ಒಂದಿಷ್ಟು ಆಯ್ಕೆಗಳನ್ನು ಇಟ್ಟಿರುತ್ತಾರೆ. ಇಳಿದ ಹೊತ್ತಿನಲ್ಲಿ ಅಲ್ಲಿಯವರೆಗೆ ಹೋಗಲು ಐದಾರು ಕಡೆ ಸರಿಯಾಗಿ ಒತ್ತಬೇಕು. ಅಷ್ಟು ಒತ್ತಲು ಬಂದರೆ ಆ ಆಯ್ಕೆಯೇ ನನಗೆ ಬೇಕಾಗುತ್ತಿರಲಿಲ್ಲ.

ಸಾಮರ್ಥ್ಯ ಇಳಿಯುತ್ತದೆ ಅಷ್ಟೇ ಅಲ್ಲ, ಏರುತ್ತದೆ ಕೂಡ. ನನ್ನ ಅಕ್ಕ ಇಳಕಲ್‌ನಲ್ಲಿದ್ದಾಳೆ, ಮಗ್ಗದ ಮನೆ. ಸೀರೆಯ ಒಡಲಿನ ಹಾಸು ನೂಲಿಗೆ ಸೆರಗಿನ ಹಾಸು ನೂಲನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸಿದ ಕಣ್ಣು ಆಕೆಯದು. ಪೊರೆ ಬಂದು ಕಣ್ಣು ಮಬ್ಬಾದಾಗ ಮೊಮ್ಮಗ ಫೋನಿನ ಅಕ್ಷರಗಳನ್ನು ಅತಿ ದೊಡ್ಡದು ಮಾಡಿಕೊಟ್ಟ. ಅಕ್ಷರ ದೊಡ್ಡದಾದ ಕೂಡಲೇ ಹಣ ಕಟ್ಟುವ ಆ್ಯಪ್‌ನಲ್ಲಿ ‘ಮುಂದುವರಿಯಿರಿ’ ಎಂಬ ಗುಂಡಿ ಪರದೆಯ ಕೆಳಗೆ ಹೋಗಿ ಕಾಣದಾಯಿತು. ನಂತರ ಶಸ್ತ್ರಚಿಕಿತ್ಸೆಯಾಗಿ ಕಣ್ಣು ನಿಚ್ಚಳವಾಯಿತು, ಮತ್ತೆ ಎಳೆ ಎಣಿಸುತ್ತಾಳೆ. ಫೋನಿನ ಅಕ್ಷರ ಮಾತ್ರ ಹಾಗೆಯೇ ಇತ್ತು, ಗುಂಡಿ ಹಾಗೆಯೇ ಮರೆಯಲ್ಲಿತ್ತು. ಎರಡು ವರ್ಷ ಆಕೆ ಆ ಆ್ಯಪ್ ಕೆಟ್ಟಿದೆ ಎಂದೇ ತಿಳಿದಿದ್ದಳು. ಕೈ ಮುರಿದು ಪ್ಲಾಸ್ಟರ್ ಹಾಕಿಸಿಕೊಂಡ ಹುಡುಗ, ಹೆರಿಗೆಯಾಗಿ ಒಂದು ತೋಳಿನಲ್ಲಿ ಕೂಸು ಹಿಡಿದ ತಾಯಿ, ವಿಜಯಪುರದ ಬಿಸಿಲಿನಲ್ಲಿ ದ್ರಾಕ್ಷಿ ತೋಟದ ನಡುವೆ ನಿಂತು ಪರದೆ ಕಾಣದ ರೈತ, ಇವರೆಲ್ಲರ ಸಾಮರ್ಥ್ಯವೂ ಆ ಹೊತ್ತಿಗೆ ಬೇರೆಯೇ. ಇವರಲ್ಲಿ ಯಾರ ಬಳಿಯೂ ಪ್ರಮಾಣಪತ್ರ ಇರುವುದಿಲ್ಲ.

ನನ್ನ ಕಸುಬಿನಿಂದ ಒಂದು ಮಾತು ಹೇಳಲು ಅಪ್ಪಣೆ ಕೊಡಿ. ಹಳೆಯ ಯಂತ್ರದಲ್ಲಿ ಇಂಗ್ಲಿಷಿನ ‘ಎ’ ಅಕ್ಷರವನ್ನು ಎಡಗೈಯ ಕಿರುಬೆರಳಿನಿಂದ ಒತ್ತಬೇಕು. ಹೊಸದಾಗಿ ಬಂದ ಹುಡುಗಿಯ ಹಾಳೆಯನ್ನು ಬೆಳಕಿಗೆ ಹಿಡಿದರೆ ಎಲ್ಲ ಅಕ್ಷರಗಳ ನಡುವೆ ‘ಎ’ ಮಾತ್ರ ಮಸುಕಾಗಿರುತ್ತಿತ್ತು. ಅವಳನ್ನು ಏನೂ ಕೇಳಬೇಕಾಗಿರಲಿಲ್ಲ. ಆ ವಾರ ಅವಳಿಗೆ ಕಿರುಬೆರಳಿನ ಸಾಲುಗಳನ್ನು ಹೆಚ್ಚು ಕೊಡುತ್ತಿದ್ದೆ, ಕೀಲಿ ಹಗುರವಾಗಿರುವ ಮೂರನೆಯ ಯಂತ್ರದಲ್ಲಿ ಕೂರಿಸುತ್ತಿದ್ದೆ. ‘ಎ’ ಕಪ್ಪಗೆ ಮೂಡತೊಡಗಿದ ದಿನ ಅವಳನ್ನು ಬಿರುಸಿನ ಯಂತ್ರಕ್ಕೆ ಕಳಿಸುತ್ತಿದ್ದೆ. ಇನ್ನೊಬ್ಬ ಅವಸರದ ಹುಡುಗ; ಅಕ್ಷರ ಒತ್ತುವ ಎರಡು ಕಡ್ಡಿಗಳು ಸಿಕ್ಕಿಕೊಳ್ಳುವ ಸದ್ದು ಕೇಳಿದರೆ ಸಾಕು, ತಿರುಗಿ ನೋಡದೆಯೇ ಅವನ ಹೆಸರು ಕೂಗುತ್ತಿದ್ದೆ. ಬೆರಳು ತಾನೇ ತನ್ನ ಸ್ಥಿತಿಯನ್ನು ಹೇಳುತ್ತದೆ. ನಾನು ಸಾಫ್ಟ್‌ವೇರ್‌ನಿಂದ ಕೇಳುತ್ತಿರುವುದು ಇದನ್ನೇ.

ಇದು ಆಗದ ಮಾತಲ್ಲ. ಬೆರಳು ಪರದೆಗೆ ತಾಗಿದ್ದು ಯಾವಾಗ, ಎದ್ದದ್ದು ಯಾವಾಗ, ಗುಂಡಿಯ ನಡುವಿನಿಂದ ಎಷ್ಟು ದೂರ ಬಿತ್ತು, ತಾಗಿದ ಮೇಲೆ ಎಷ್ಟು ಜಾರಿತು, ಎಷ್ಟು ಸಲ ಅಳಿಸಿದ, ಇವೆಲ್ಲ ಫೋನಿಗೆ ಈಗಲೇ ತಿಳಿದಿರುತ್ತವೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಗಾಯೋಸ್, ವೊಬ್ರಾಕ್, ವೆಲ್ಡ್ ಎಂಬ ಮೂವರು ಸಂಶೋಧಕರು ಸಪಲ್ ಪ್ಲಸ್ ಪ್ಲಸ್ ಎಂಬ ವ್ಯವಸ್ಥೆಯನ್ನು ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದು ಮೊದಲು ಬಳಸುವವರಿಂದ ಗುರಿ ಇಡುವುದು, ಎಳೆಯುವುದು, ಒತ್ತುವುದು ಮುಂತಾದ ಸಣ್ಣ ಕೆಲಸಗಳನ್ನು ಮಾಡಿಸಿ ಕೈಯ ಶಕ್ತಿಯನ್ನು ಅಳೆಯುತ್ತದೆ. ನಂತರ ಆ ಕೈಗೆ ಒಪ್ಪುವಂತೆ ಗುಂಡಿಗಳ ಅಳತೆ, ಪಟ್ಟಿಗಳ ಬಗೆ, ಪರದೆಯ ಜೋಡಣೆಯನ್ನು ತಾನೇ ರೂಪಿಸುತ್ತದೆ. ಚಲನೆಯ ತೊಂದರೆಯಿದ್ದ 11 ಜನ ಅದರಲ್ಲಿ ಪಾಲ್ಗೊಂಡಿದ್ದರು. ತಯಾರಕರು ಎಲ್ಲರಿಗೂ ಒಂದೇ ಎಂದು ಕೊಟ್ಟಿದ್ದ ವಿನ್ಯಾಸಕ್ಕಿಂತ ತಮಗಾಗಿ ಮೂಡಿದ ವಿನ್ಯಾಸದಲ್ಲಿ ಅವರ ವೇಗ ಶೇಕಡಾ 26ರಷ್ಟು ಹೆಚ್ಚಿತು, ತಪ್ಪುಗಳು ಶೇಕಡಾ 73ರಷ್ಟು ಕಡಿಮೆಯಾದವು. ಆ ಕೈಗಳಿಗೆ ಯಾರೂ ಹೊಸ ಔಷಧಿ ಕೊಟ್ಟಿರಲಿಲ್ಲ, ಪರದೆಯನ್ನಷ್ಟೇ ಬದಲಿಸಿದ್ದರು. ವಿಂಡೋಸ್ 95ರಲ್ಲೇ ಒಂದು ಕೀಲಿ ಬೇಗ ಬೇಗ ಎರಡು ಸಲ ಒತ್ತಿಬಿಟ್ಟರೆ ಎರಡನೆಯದನ್ನು ಲೆಕ್ಕಕ್ಕೆ ಹಿಡಿಯದ ಸೌಲಭ್ಯವಿತ್ತು. ಇದನ್ನು ನಾನೇ ಪಾಠ ಮಾಡಿದ್ದೇನೆ. ಕೊರತೆ ಒಂದೇ: ಅದನ್ನು ನಾವೇ ಹುಡುಕಿ ಹಾಕಿಕೊಳ್ಳಬೇಕು, ನಾವೇ ನೆನಪಿಟ್ಟು ತೆಗೆಯಬೇಕು.

ಹಾಗೆಂದು ಯಂತ್ರ ತನಗೆ ತೋಚಿದಂತೆ ಎಲ್ಲವನ್ನೂ ಬದಲಿಸುತ್ತಿರಲಿ ಎಂದು ನಾನು ಕೇಳುವುದಿಲ್ಲ. ಆಫೀಸ್ 2000 ಬಂದಾಗ ಮೆನುಗಳು ಹೆಚ್ಚು ಬಳಸದ ಆದೇಶಗಳನ್ನು ತಾವಾಗಿ ಬಚ್ಚಿಡುತ್ತಿದ್ದವು. “ಸರ್, ನಿನ್ನೆ ಇಲ್ಲೇ ಇತ್ತು, ಇವತ್ತಿಲ್ಲ” ಎಂದು ವಿದ್ಯಾರ್ಥಿಗಳು ಗಾಬರಿಯಾಗುತ್ತಿದ್ದರು. 2007ರ ಆವೃತ್ತಿಯ ಹೊತ್ತಿಗೆ ಮೈಕ್ರೋಸಾಫ್ಟ್ ಆ ಪದ್ಧತಿಯನ್ನು ಕೈಬಿಟ್ಟು ಬೇರೆ ವಿನ್ಯಾಸ ತಂದಿತು. ಬೆರಳಿಗೆ ನೆನಪಿದೆ, ಅದು ಜಾಗವನ್ನು ನೆನಪಿಡುತ್ತದೆ. ಗುಂಡಿ ದೊಡ್ಡದಾಗಲಿ, ಆದರೆ ಇದ್ದ ದಿಕ್ಕಿನಲ್ಲೇ ಇರಲಿ. ಬದಲಿಸುವ ಮೊದಲು “ಅಕ್ಷರ, ಗುಂಡಿಗಳನ್ನು ದೊಡ್ಡದು ಮಾಡಲೇ?” ಎಂದು ಕನ್ನಡದಲ್ಲಿ ಕೇಳಲಿ. ಬೇಡ ಎಂದರೆ ಒಂದೇ ಒತ್ತಿಗೆ ಹಿಂದಿನಂತೆ ಆಗಲಿ.

ಇನ್ನೊಂದು ಭಯವನ್ನೂ ತಮ್ಮ ಮುಂದೆ ಇಡುತ್ತೇನೆ. ವೈದ್ಯರು ನನ್ನ ಕಾಯಿಲೆಗೆ ಹೆಸರು ಹೇಳುವ ಸುಮಾರು ಒಂದು ವರ್ಷ ಮೊದಲೇ ನನ್ನ ಎಡಗೈ ಕಿರುಬೆರಳು ‘ಎ’ ಕೀಲಿಯ ಮೇಲೆ ಇರಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೂರುತ್ತಿತ್ತು. ಪರದೆಯ ಮೇಲೆ ‘ಎ’ ಮೂರು ಮೂರು ಸಲ ಮೂಡುತ್ತಿತ್ತು. ಕೀಲಿಮಣೆ ಕೆಟ್ಟಿತೆಂದು ಹೊಸದು ತಂದೆ, ಅದರಲ್ಲೂ ಹಾಗೆಯೇ ಆಯಿತು. 2016ರಲ್ಲಿ ಪ್ರಕಟವಾದ ಒಂದು ಸಂಶೋಧನೆಯ ಬಗ್ಗೆ ಓದಿದಾಗ ಮೈ ಜುಮ್ಮೆಂದಿತು: ಕೀಲಿಗಳನ್ನು ಒತ್ತಿ ಹಿಡಿಯುವ ಹೊತ್ತಿನ ಏರುಪೇರನ್ನು ಅಳೆದು ಆರಂಭದ ಹಂತದ ಪಾರ್ಕಿನ್ಸನ್ ಗುರುತಿಸಬಹುದೆಂದು ಅದು ತೋರಿಸಿತ್ತು. ಆ ತಿಳಿವು ವೈದ್ಯರ ಕೈಯಲ್ಲಿದ್ದರೆ ವರ. ನನ್ನ ಬೆರಳಿನ ಲಯದಿಂದ ನನ್ನ ಕಾಯಿಲೆ ಸಾಲ ಕೊಡುವವರಿಗೋ ವಿಮೆ ಮಾಡುವವರಿಗೋ ತಿಳಿದರೆ ನನಗೆ ಉಳಿಯುವುದೇನು? ಅದಕ್ಕಾಗಿ ಈ ಅಳತೆಯೆಲ್ಲ ನನ್ನ ಫೋನಿನಲ್ಲೇ ನಡೆಯಬೇಕು, ಅಲ್ಲೇ ಉಳಿಯಬೇಕು, ಯಾವ ಸರ್ವರ್‌ಗೂ ಹೋಗಬಾರದು. ಗುಂಡಿ ದೊಡ್ಡದು ಮಾಡಲು ನನ್ನ ಕಾಯಿಲೆಯ ಹೆಸರು ಆ್ಯಪ್‌ಗೆ ಬೇಕಿಲ್ಲ. ಬೆರಳು ಎಲ್ಲಿ ಬಿತ್ತೆಂದು ತಿಳಿದರೆ ಸಾಕು.

ಕಾನೂನು ನಮ್ಮ ಕಡೆಗಿದೆ ಎಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. 2016ರ ಕಾಯ್ದೆಯ 42ನೆಯ ಕಲಮು ಮಾಹಿತಿ ತಂತ್ರಜ್ಞಾನ ನಮಗೆ ನಿಲುಕಬೇಕೆನ್ನುತ್ತದೆ. 46ನೆಯ ಕಲಮು ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ ಸೇವೆ ಕೊಡುವ ಎಲ್ಲರನ್ನೂ ಕಟ್ಟಿಹಾಕುತ್ತದೆ. 2024ರ ನವೆಂಬರ್‌ನಲ್ಲಿ ರಾಜೀವ್ ರಾತುರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸೌಲಭ್ಯಗಳು ವಿಕಲಚೇತನರಿಗೆ ನಿಲುಕುವಂತೆ ಮಾಡುವ ಮಾನದಂಡಗಳು ಬರಿಯ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದಿತು. 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ, ಡಿಜಿಟಲ್ ಸೇವೆ ನಿಲುಕುವುದು ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನ ಭಾಗವೆಂದು ತೀರ್ಪು ಕೊಟ್ಟಿತು. ಆಸಿಡ್ ದಾಳಿಗೆ ತುತ್ತಾಗಿ ಕಣ್ಣು ಮಿಟುಕಿಸಲಾಗದವರು ಮತ್ತು ಅಂಧರು ಗುರುತಿನ ಪರಿಶೀಲನೆಯಲ್ಲಿ ಸೋಲುತ್ತಿರುವುದೇ ಆ ಪ್ರಕರಣದ ಮೂಲ. ಆ ತೀರ್ಪನ್ನು ಓದುವಾಗ ನನ್ನ ಮುಖದ ಮುಂದೆ ಫೋನು ಹಿಡಿದ ಹುಡುಗನ ನೆನಪಾಯಿತು.

ಅಂತರರಾಷ್ಟ್ರೀಯ ಮಾನದಂಡವೂ ನಮಗೆ ಹೊಸದಲ್ಲ. 2023ರ ಅಕ್ಟೋಬರ್‌ನಲ್ಲಿ ಬಂದ ಡಬ್ಲ್ಯುಸಿಎಜಿ 2.2 ಎಂಬ, ಜಾಲತಾಣಗಳು ಎಲ್ಲರಿಗೂ ನಿಲುಕುವಂತೆ ಮಾಡುವ ಮಾನದಂಡ ಒತ್ತುವ ಗುಂಡಿಗೆ ಕನಿಷ್ಠ 24 ಪಿಕ್ಸೆಲ್ ಅಗಲ, ಅಷ್ಟೇ ಎತ್ತರ ಬೇಕೆನ್ನುತ್ತದೆ, ಅಥವಾ ಸುತ್ತ ಅದಕ್ಕೆ ತಕ್ಕ ಜಾಗ ಬಿಡಬೇಕೆನ್ನುತ್ತದೆ. ಸಮಯದ ಮಿತಿಯ ಬಗ್ಗೆ ಅದರ ನಿಯಮ ಇನ್ನೂ ಹಳೆಯದು: ಮಿತಿಯನ್ನು ತೆಗೆಯಲು ಬರಬೇಕು, ಇಲ್ಲವೇ ಹತ್ತು ಪಟ್ಟು ಹೆಚ್ಚಿಸಲು ಬರಬೇಕು, ಇಲ್ಲವೇ ಮುಗಿಯುವ ಮೊದಲು ಎಚ್ಚರಿಸಿ 20 ಸೆಕೆಂಡಾದರೂ ಕೊಟ್ಟು, ಒಂದು ಸುಲಭದ ಒತ್ತಿಗೆ ಹೊತ್ತು ಬೆಳೆಯಬೇಕು. ಭದ್ರತೆಗಾಗಿ ಸಮಯದ ಮಿತಿ ಬೇಕೆಂದು ಬ್ಯಾಂಕಿನವರು ಹೇಳುತ್ತಾರೆ. ಒಪ್ಪುತ್ತೇನೆ. “ಇನ್ನೂ ಹೊತ್ತು ಬೇಕೇ?” ಎಂದು ಕೇಳುವುದರಿಂದ ಯಾವ ಭದ್ರತೆಗೂ ಧಕ್ಕೆಯಿಲ್ಲ. ನನ್ನ ಗುಪ್ತ ಸಂಖ್ಯೆ ಪಕ್ಕದ ಮನೆಯವರ ಬಾಯಿಗೆ ಹೋಗುವುದಕ್ಕಿಂತ ಅದು ಸಾವಿರ ಪಾಲು ಸುರಕ್ಷಿತ.

ನನ್ನ ಕೋರಿಕೆಗಳು ಇವು. ಕಾಯ್ದೆಯ 80ನೆಯ ಕಲಮಿನ ಅಡಿ ತಾವು ಸ್ವಯಂಪ್ರೇರಿತರಾಗಿ ವಿಚಾರಣೆ ಮಾಡಬಲ್ಲಿರಿ. ರಾಜ್ಯದ ಜನ ದಿನನಿತ್ಯ ಬಳಸುವ ಸರ್ಕಾರಿ ಆ್ಯಪ್‌ಗಳನ್ನು ತಾವು ಪರೀಕ್ಷೆಗೆ ಒಳಪಡಿಸಬೇಕು. ಆ ಪರೀಕ್ಷೆ ಬೆಂಗಳೂರಿನ ತಂಪು ಕೋಣೆಯಲ್ಲಿ, ತರುಣ ಎಂಜಿನಿಯರುಗಳ ಬೆರಳಿನಿಂದ ನಡೆದರೆ ಪ್ರಯೋಜನವಿಲ್ಲ. ನಡುಗುವ ಕೈಗಳು, ಮಬ್ಬುಗಣ್ಣುಗಳು ಬೇಕು. ಒಬ್ಬರನ್ನೇ ದಿನದ ಬೇರೆ ಬೇರೆ ಹೊತ್ತಿನಲ್ಲಿ ಪರೀಕ್ಷಿಸಬೇಕು. ಸ್ಥಳ ಬದಲಿಸುವ ಅಂಕಿಗಳಿಗೆ ಪರ್ಯಾಯ ಬೇಕು, ಮಿಟುಕಿಸುವುದಕ್ಕೆ ಪರ್ಯಾಯ ಬೇಕು. ಮೂರು ತಪ್ಪಿಗೆ ಬೀಗ ಹಾಕುವ ಮುನ್ನ ಆ ತಪ್ಪುಗಳು ಪಕ್ಕದ ಅಂಕಿಗೆ ಬೆರಳು ಜಾರಿ ಆದವೋ, ಸಂಖ್ಯೆ ಗೊತ್ತಿಲ್ಲದವನು ಊಹಿಸಿದ್ದೋ ಎಂದು ಯಂತ್ರ ನೋಡಬೇಕು. ಎರಡಕ್ಕೂ ವ್ಯತ್ಯಾಸ ಬಹಳ. ಇನ್ನು ಮುಂದೆ ಯಾವುದೇ ಇಲಾಖೆ ಆ್ಯಪ್‌ಗಾಗಿ ಟೆಂಡರ್ ಕರೆದರೆ, ಭಾರತೀಯ ಮಾನಕ ಬ್ಯೂರೋ ಹೊರತಂದಿರುವ ಐಎಸ್ 17802 ಎಂಬ, ತಂತ್ರಜ್ಞಾನ ಎಲ್ಲರಿಗೂ ನಿಲುಕಬೇಕೆನ್ನುವ ಮಾನದಂಡದ ಜೊತೆಗೆ ಈ ಹೊಂದಿಕೊಳ್ಳುವ ಗುಣವನ್ನೂ ಷರತ್ತಾಗಿ ಸೇರಿಸಬೇಕು. ‘ಹಿರಿಯರ ಆವೃತ್ತಿ’ ಎಂದು ಅರ್ಧ ಸೌಲಭ್ಯ ಕಿತ್ತುಹಾಕಿದ ಬೇರೊಂದು ಆ್ಯಪ್ ಮಾಡಿ ನಮ್ಮನ್ನು ಅಲ್ಲಿಗೆ ಕಳಿಸಬೇಡಿ. ಹತ್ತೂವರೆಗೆ ನನಗೆ ಪೂರ್ತಿ ಆ್ಯಪ್ ಬೇಕು. ತಾವು ಶಿಫಾರಸು ಮಾಡಿದರೆ 81ನೆಯ ಕಲಮಿನಂತೆ ಇಲಾಖೆಗಳು ಮೂರು ತಿಂಗಳೊಳಗೆ ಉತ್ತರ ಕೊಡಬೇಕು. ಬ್ಯಾಂಕುಗಳ ವಿಷಯ ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದಾದರೆ ಈ ಪತ್ರವನ್ನು ಕೇಂದ್ರದ ಮುಖ್ಯ ಆಯುಕ್ತರಿಗೆ ತಲುಪಿಸಬೇಕೆಂದು ಬೇಡುತ್ತೇನೆ.

ಪರೀಕ್ಷೆಗೆ ಜನ ಬೇಕಾದರೆ ನಾನು ಸಿದ್ಧನಿದ್ದೇನೆ. ನನಗೆ ಗೊತ್ತಿರುವ ಇನ್ನೂ ನಾಲ್ವರು ಒಪ್ಪಿದ್ದಾರೆ. ಅಕ್ಕನೂ ಇಳಕಲ್‌ನಿಂದ ಬರುತ್ತೇನೆ ಎಂದಿದ್ದಾಳೆ. ತಮ್ಮ ಕಚೇರಿಯಿಂದ ಯಾರನ್ನಾದರೂ ಬಾಗಲಕೋಟೆಗೆ ಕಳಿಸಿಕೊಡಿ. ಆದರೆ ಅವರು ಹತ್ತು ಗಂಟೆಗೆ ಬಂದು ನೋಡಿ ಹೋಗುವುದು ಬೇಡ. ಹಿಂದಿನ ರಾತ್ರಿಯೇ ಬಂದು ನಮ್ಮ ಮನೆಯಲ್ಲಿ ಉಳಿಯಲಿ. ಬೆಳಿಗ್ಗೆ ಆರೂವರೆಗೆ, ಗುಳಿಗೆ ನುಂಗುವ ಮೊದಲು, ಅವರ ಎದುರು ಕುಳಿತು ವಿದ್ಯುತ್ ಬಿಲ್ ಕಟ್ಟಲು ತೊಡಗುತ್ತೇನೆ. ಅವರು ಗಡಿಯಾರ ಹಿಡಿದು ಬರೆದುಕೊಳ್ಳಲಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಬೆರಳಚ್ಚು ಶಿಕ್ಷಕ
ನವನಗರ, ಬಾಗಲಕೋಟೆ